ಅವ್ವ ‘ಇಲ್ಲ’ ಎಂದಿದ್ದಳು

1996ರಲ್ಲಿ ನಾನು ಎಂ.ಡಿ. ಓದುತ್ತಿದ್ದೆ. ವಿಷಯ ಸಮುದಾಯ ವೈದ್ಯಶಾಸ್ತ್ರ. ಸರ್ಜರಿ, ಮೆಡಿಸಿನ್ ಸಿಗದವರು ಹೋಗುವ ಕಡೆ ಅದು ಎಂಬ ಮಾತು ಆಗ ಇತ್ತು. ನನ್ನ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ. ಪ್ರಬಂಧಕ್ಕೆ ಏನಾದರೂ ಆರಿಸಿಕೊಳ್ಳಬೇಕಿತ್ತು. ಹಾಗೆ ಗ್ರಂಥಾಲಯದಲ್ಲಿ ಹಳೆಯ ಲ್ಯಾನ್ಸೆಟ್ ಸಂಪುಟಗಳ ಧೂಳು ಹೊಡೆಯುತ್ತಿದ್ದಾಗ ಡೆನಿಸ್ ಬರ್ಕಿಟ್ ಸಿಕ್ಕರು.

ಬರ್ಕಿಟ್ ಐರ್ಲೆಂಡಿನ ಸರ್ಜನ್. ಹುಡುಗನಾಗಿದ್ದಾಗಲೇ ಒಂದು ಕಣ್ಣು ಕಳೆದುಕೊಂಡವರು. ಉಗಾಂಡದಲ್ಲಿ ಕೆಲಸ ಮಾಡುತ್ತ, ಮಕ್ಕಳ ದವಡೆಯಲ್ಲಿ ಕಾಣಿಸಿಕೊಳ್ಳುವ ಒಂದು ಗಡ್ಡೆಯ ಬಗ್ಗೆ 1958ರಲ್ಲಿ ಬರೆದು ಹೆಸರಾದರು. ಆ ಗಡ್ಡೆ ಎಲ್ಲೆಲ್ಲಿದೆ, ಎಲ್ಲೆಲ್ಲಿಲ್ಲ ಎಂದು ನೋಡಲು 1961ರಲ್ಲಿ ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಹಳೆಯ ಸ್ಟೇಷನ್ ವ್ಯಾಗನ್‌ನಲ್ಲಿ ಆಫ್ರಿಕದ ಹತ್ತು ಸಾವಿರ ಮೈಲಿ ಸುತ್ತಿದ ಮನುಷ್ಯ. ಆಮೇಲೆ ಅವರನ್ನು ಹಿಡಿದುಕೊಂಡದ್ದು ನಾರಿನಂಶದ ವಿಚಾರ. ಬಿಳಿಯರ ಆಸ್ಪತ್ರೆಗಳಲ್ಲಿ ದಿನವೂ ಕಾಣುವ ಎಷ್ಟೋ ಕಾಯಿಲೆಗಳು ಆಫ್ರಿಕದ ಹಳ್ಳಿಗರಲ್ಲಿ ಕಾಣುವುದಿಲ್ಲವಲ್ಲ, ಕಾರಣ ತಿನ್ನುವ ಅನ್ನವೇ ಇರಬೇಕು ಎಂದು ಅವರು ವಾದಿಸಿದರು. ಮಿಷನ್ ಆಸ್ಪತ್ರೆಗಳಿಗೆ ಪ್ರಶ್ನಾವಳಿ ಕಳಿಸಿ ಉತ್ತರ ತರಿಸಿಕೊಳ್ಳುವುದು ಅವರ ಪದ್ಧತಿ. ಆ ಕಾಯಿಲೆಗಳಲ್ಲಿ ಒಂದು ಹಯೇಟಸ್ ಹರ್ನಿಯಾ. ಇದರ ಬಗ್ಗೆ 1973ರಲ್ಲಿ ಅವರು ಜೇಮ್ಸ್ ಎಂಬವರ ಜೊತೆ ಲ್ಯಾನ್ಸೆಟ್‌ನಲ್ಲಿ ಬರೆದದ್ದು ನನ್ನ ಕೈಗೆ ಸಿಕ್ಕಿದ್ದು.

ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಅಡ್ಡಗೋಡೆ ಇದೆ. ಅದರಲ್ಲೊಂದು ಕಿಂಡಿ, ಅನ್ನನಾಳ ಇಳಿದುಬರುವುದು ಆ ಕಿಂಡಿಯಲ್ಲಿ. ಕಿಂಡಿ ಸಡಿಲವಾಗಿ ಜಠರದ ಮೇಲ್ತುದಿ ಎದೆಯ ಕಡೆಗೆ ಜಾರಿದರೆ ಅದೇ ಹಯೇಟಸ್ ಹರ್ನಿಯಾ. ವಪೆಯ ಬಿಗಿ ತಪ್ಪಿದ ಬಾಯಿಯಿಂದ ಜಠರದ ಹುಳಿ ಸಲೀಸಾಗಿ ಮೇಲೇರಬಹುದು. ಬರ್ಕಿಟ್ ವಾದ ಸರಳ: ನಾರಿಲ್ಲದ ಊಟದಿಂದ ಮಲಬದ್ಧತೆ, ಮಲಬದ್ಧತೆಯಿಂದ ಮುಕ್ಕುವುದು, ಮುಕ್ಕಿದಾಗ ಹೊಟ್ಟೆಯ ಒತ್ತಡ ಜಠರವನ್ನು ಮೇಲಕ್ಕೆ ತಳ್ಳುತ್ತದೆ.

ನಾಗಮಂಗಲ ಕಡೆಯ ಬೇಸಾಯಗಾರರ ಮಗನಾದ ನನಗೆ ಇದನ್ನು ಓದಿ ಮೈಯುಬ್ಬಿತು. ಎರಡು ಹೊತ್ತು ಮುದ್ದೆ, ಮೇಲೆ ಸೊಪ್ಪಿನ ಸಾರು, ಬೆಳಗಾಗೆದ್ದು ಬಯಲಿನಲ್ಲಿ ಕುಕ್ಕರುಗಾಲು. ಕುಕ್ಕರುಗಾಲಿನ ವಿಚಾರ ನನ್ನದೇ ಒಗ್ಗರಣೆ. ನಮ್ಮವರಿಗೆ ಈ ರೋಗ ಬರುವುದಾದರೂ ಹೇಗೆ? ಬಾರದು ಎಂದು ತೋರಿಸಿದರೆ ಪ್ರಬಂಧವೂ ಆಯಿತು, ಊರಿಗೆ ಕೀರ್ತಿಯೂ ಆಯಿತು. ಉತ್ತರ ಮೊದಲೇ ಗೊತ್ತಿದ್ದುದರಿಂದ ಪ್ರಶ್ನೆ ತಯಾರಿಸುವುದು ಸುಲಭವಾಯಿತು.

ಹಳ್ಳಿಗಳಲ್ಲಿ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಯಲಾಗದು. ಹಾಗಾಗಿ ಹರ್ನಿಯಾ ಬಿಟ್ಟು ಅದರ ಲಕ್ಷಣ ಹಿಡಿದೆ. ಇಂಗ್ಲಿಷಿನ ಒಂದು ಪ್ರಶ್ನಾವಳಿಯನ್ನು ಹಾಸ್ಟೆಲ್ ಕೋಣೆಯಲ್ಲಿ ಕೂತು ಒಂದು ರಾತ್ರಿಯಲ್ಲಿ ಕನ್ನಡಕ್ಕೆ ತಂದೆ. ಮೊದಲ ಪ್ರಶ್ನೆ: ‘ಕಳೆದ ಒಂದು ವರ್ಷದಲ್ಲಿ ನಿಮಗೆ ಎದೆಯುರಿ ಉಂಟಾಗಿದೆಯೇ?’ ಎರಡನೆಯದು: ‘ಆಮ್ಲೀಯ ದ್ರವವು ಬಾಯಿಗೆ ಮರಳಿ ಬರುವುದುಂಟೇ?’ ಈಗ ಓದಿದರೆ ಮುಖ ಮುಚ್ಚಿಕೊಳ್ಳಬೇಕು ಅನಿಸುತ್ತದೆ. ಆಗ ಇದು ಶುದ್ಧ ಕನ್ನಡ ಎಂಬ ಹೆಮ್ಮೆ.

ನನ್ನ ಗೈಡ್ ಒಂದು ಮಾತು ಹೇಳಿದ್ದರು. “ಹೆಸರು ಹಿಡಿದು ಕೇಳಬೇಡ. ಕೈಯಿಟ್ಟು ತೋರಿಸು. ಇಲ್ಲಿಂದ ಇಲ್ಲಿಗೆ ಏನಾದರೂ ಏರುತ್ತಾ ಅಂತ ಕೇಳು.” ಹೊಟ್ಟೆಯಿಂದ ಗಂಟಲವರೆಗೆ ಬೆರಳೆಳೆದು ತೋರಿಸಿದ್ದರು. ಆಯಿತು ಸರ್ ಎಂದೆ. ನೂರಾರು ಮನೆ ಸುತ್ತಬೇಕಿತ್ತು. ಪ್ರತಿಯೊಬ್ಬರ ಮುಂದೆ ಕೂತು ಕೈಸನ್ನೆ ಮಾಡಲು ಹೊತ್ತೆಲ್ಲಿ?

ಸಮೀಕ್ಷೆಗೆ ಮುನ್ನ ಪ್ರಶ್ನಾವಳಿಯನ್ನು ಕೆಲವರ ಮೇಲೆ ಪ್ರಯೋಗಿಸಿ ನೋಡಬೇಕೆಂಬ ನಿಯಮವಿದೆ. ನಾನು ಊರಿಗೆ ಹೋಗಿ ಒಲೆಯ ಮುಂದೆ ಕೂತಿದ್ದ ಅವ್ವನ ಮೇಲೆ ಪ್ರಯೋಗಿಸಿದೆ. ಅವ್ವನಿಗೆ ಆಗ ಐವತ್ತು.

“ಅವ್ವ, ನಿಂಗೆ ಎದೆಯುರಿ ಐತಾ?”

ಅವಳು ಮುದ್ದೆಕೋಲು ನಿಲ್ಲಿಸಿ ನನ್ನ ಮುಖ ನೋಡಿದಳು. “ನಂಗ್ಯಾಕಪ್ಪ ಎದೆಯುರಿ? ಯಾರ್ ಬಾಳು ನೋಡಿ ಉರ್ಕೋಬೇಕು ನಾನು? ದೇವ್ರು ಚೆನ್ನಾಗೇ ಮಡಗವ್ನೆ.”

ನಕ್ಕೆ. ‘ಇಲ್ಲ’ ಎಂಬಲ್ಲಿ ಗುರುತು ಹಾಕಿದೆ.

ಆ ಗುರುತು ಹಾಕಿದ ಕೈ ನನ್ನದೇ. ಹೊಟ್ಟೆ ಉರಿ, ಹೊಟ್ಟೆಕಿಚ್ಚು, ಎದೆ ಉರಿಸಬೇಡ, ಹೊಟ್ಟೆ ಉರಿದುಹೋಯ್ತು: ನಮ್ಮ ಮಾತಿನಲ್ಲಿ ಹೊಟ್ಟೆಯಲ್ಲಿ, ಎದೆಯಲ್ಲಿ ಬೀಳುವ ಬೆಂಕಿಯೆಲ್ಲ ಮತ್ಸರದ್ದು ಇಲ್ಲವೇ ಸಂಕಟದ್ದು. ಪರಿಚಯವಿಲ್ಲದ ಡಾಕ್ಟರ್ ಹುಡುಗನೊಬ್ಬ ಹಟ್ಟಿ ಬಾಗಿಲಿಗೆ ಬಂದು ‘ನಿಮಗೆ ಎದೆಯುರಿ ಇದೆಯೇ’ ಎಂದರೆ ಮಾನವಂತೆಯಾದ ಹೆಂಗಸು ಏನು ಹೇಳಿಯಾಳು? ಇಲ್ಲ ಸಾಮಿ ಅಂದರು. ಸಮೀಕ್ಷೆಗೆ ಸುತ್ತಿದ ನಾಲ್ಕು ಹಳ್ಳಿಯಲ್ಲೂ ಇಲ್ಲ ಅಂದರು. ಎಷ್ಟೋ ಮನೆಗಳಲ್ಲಿ ಹೆಂಡತಿಯ ಬದಲಿಗೆ ಜಗಲಿ ಮೇಲೆ ಕೂತ ಗಂಡನೇ “ಅವ್ಳಿಗೇನೂ ಇಲ್ಲ ಬರ್ಕೊಳಿ” ಅಂದ, ಬರೆದುಕೊಂಡೆ. ಕಿವಿ ಮಂದವಾದವರನ್ನು, ಹಾಸಿಗೆ ಹಿಡಿದ ಮುದುಕರನ್ನು ‘ಸಹಕರಿಸಲಾರರು’ ಎಂದು ಕೈಬಿಟ್ಟೆ. ಹೌದು ಎಂದವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿ ಇದ್ದು ಬಂದವರು, ‘ಆಸಿಡಿಟಿ’ ಎಂಬ ಮಾತು ಗೊತ್ತಿದ್ದವರು. ಪಟ್ಟಣದ ಊಟವೇ ಕಾರಣ ಎಂದು ಅದಕ್ಕೂ ಒಂದು ಪುಟ ಬರೆದೆ!

ಇಷ್ಟೂ ದಿನ ನಾನು ಮಧ್ಯಾಹ್ನದ ಟೀ ಕುಡಿಯುತ್ತಿದ್ದದ್ದು ಊರ ಮುಂದಿನ ಗೂಡಂಗಡಿಯಲ್ಲಿ. ಅಲ್ಲಿ ಶ್ಯಾಂಪೂ ಪ್ಯಾಕೆಟ್ಟಿನ ಸರದ ಪಕ್ಕದಲ್ಲೇ ಇನೋ ಪ್ಯಾಕೆಟ್ಟಿನ ಸರ ತೂಗುತ್ತಿತ್ತು. ಡಬ್ಬಿಯಲ್ಲಿ ಜೆಲುಸಿಲ್ ಮಾತ್ರೆ ಬಿಡಿಬಿಡಿಯಾಗಿ ಸಿಗುತ್ತಿತ್ತು. ಒಬ್ಬಳು ಅಜ್ಜಿ ದಿನಾ ಬಂದು ‘ವಸಿ ಸೋಡಾಪುಡಿ ಕೊಡ್ಲಾ’ ಎಂದು ಅಂಗೈ ಒಡ್ಡುತ್ತಿದ್ದಳು. ರೋಗವೇ ಇಲ್ಲದ ಊರಿನಲ್ಲಿ ಔಷಧಿ ಯಾರಿಗೆ ಮಾರಾಟವಾಗುತ್ತಿದೆ ಎಂದು ನಾನು ಅಂಗಡಿಯವನನ್ನು ಒಂದು ಸಲವೂ ಕೇಳಲಿಲ್ಲ.

ಪ್ರಬಂಧ ಪಾಸಾಯಿತು. ಅದನ್ನೇ ಹಿಡಿದು ಒಂದು ವಾರಪತ್ರಿಕೆಗೆ ಲೇಖನ ಬರೆದೆ. ಪಾಶ್ಚಾತ್ಯರ ರೋಗ, ನಮ್ಮ ರಾಗಿಯ ಬಲ, ಇತ್ಯಾದಿ. ಒಂದಷ್ಟು ಜನ ಮೆಚ್ಚಿ ಕಾಗದ ಬರೆದರು. ಆಮೇಲೆ ಮೇಷ್ಟ್ರಾಗಿ ಇಪ್ಪತ್ತು ವರ್ಷ ಅದೇ ಪಾಠ ಒಪ್ಪಿಸಿದೆ.

ನನಗೆ ಬೆಂಬಲವೂ ಸಿಗುತ್ತಿತ್ತು. 2005ರಲ್ಲಿ ಜಗತ್ತಿನ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿದ ಒಂದು ವಿಮರ್ಶೆ ಬಂತು. ವಾರಕ್ಕೊಮ್ಮೆಯಾದರೂ ಎದೆಯುರಿ ಅಥವಾ ಹುಳಿ ಮೇಲೇರುವುದು ಪಶ್ಚಿಮದ ದೇಶಗಳಲ್ಲಿ ನೂರಕ್ಕೆ 10ರಿಂದ 20 ಜನರಿಗೆ, ಏಷ್ಯಾದಲ್ಲಿ 5ಕ್ಕಿಂತ ಕಡಿಮೆ. ತರಗತಿಯಲ್ಲಿ ಆ ಕೋಷ್ಟಕ ತೋರಿಸಿ ‘ನಾನು ಹೇಳಿರಲಿಲ್ಲವೇ’ ಅಂದೆ. 2014ರ ಪರಿಷ್ಕರಣೆಯಲ್ಲಿ ಉತ್ತರ ಅಮೆರಿಕ 18.1ರಿಂದ 27.8, ಯೂರೋಪು 8.8ರಿಂದ 25.9, ಪೂರ್ವ ಏಷ್ಯಾ 2.5ರಿಂದ 7.8. ಇದನ್ನೂ ತೋರಿಸಿದೆ. ಮಧ್ಯಪ್ರಾಚ್ಯದ ಸಾಲಿನಲ್ಲಿ 8.7ರಿಂದ 33.1 ಎಂದಿತ್ತು. ಒಂದೇ ಪ್ರದೇಶದಲ್ಲಿ ಇಷ್ಟು ಅಗಲದ ಅಂತರ ಯಾಕೆ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. “ಬೇರೆ ಬೇರೆ ವಿಧಾನ ಇರಬಹುದಮ್ಮ” ಎಂದು ಮುಂದಿನ ಸ್ಲೈಡಿಗೆ ಹೋದೆ. ಅವಳ ಪ್ರಶ್ನೆಯಲ್ಲೇ ಎಲ್ಲ ಇತ್ತು.

ಅಷ್ಟರಲ್ಲಾಗಲೇ ನಮ್ಮ ದೇಶದ ಲೆಕ್ಕಗಳೂ ಬರತೊಡಗಿದ್ದವು. 2011ರಲ್ಲಿ ಭಾರತೀಯ ಗ್ಯಾಸ್ಟ್ರೋಎಂಟರಾಲಜಿ ಸಂಘದ ಕಾರ್ಯಪಡೆ ದೇಶದ ಹಲವು ಕೇಂದ್ರಗಳಲ್ಲಿ ಕೇಳಿ ನೂರಕ್ಕೆ 7.6 ಎಂದಿತು. ಅದೇ ವರ್ಷ ಉತ್ತರ ಭಾರತದ ದೊಡ್ಡ ಆಸ್ಪತ್ರೆಯೊಂದರ ನೌಕರರಲ್ಲಿ 16.2 ಎಂದು ಇನ್ನೊಂದು ವರದಿ. 2016ರಲ್ಲಿ ದಕ್ಷಿಣ ಭಾರತದ ಒಂದು ಸಮುದಾಯ ಅಧ್ಯಯನ 22.2 ಎಂದಿತು, ಅಂದರೆ ಅಮೆರಿಕದ ಸಮಕ್ಕೆ. ಒಂದೇ ದೇಶ, ಅಂತರ ಮೂರು ಪಟ್ಟು. ಅದನ್ನು ಓದಿದಾಗ ನನಗೆ ಬಂದ ಮೊದಲ ಯೋಚನೆ ಅವರ ಅಧ್ಯಯನದಲ್ಲೇನೋ ದೋಷವಿದೆ ಎಂಬುದು.

ಇನ್ನು ಅವ್ವನ ಕಥೆ.

2017ರ ಹೊತ್ತಿಗೆ ಅವಳಿಗೆ ಎಪ್ಪತ್ತೊಂದು. ನಾಟಿ, ಕಳೆ ಅಂತ ಬಗ್ಗಿ ಬಗ್ಗಿ ಬೆನ್ನು ಬಿಲ್ಲಾಗಿತ್ತು. ತಿಂಗಳಿಗೊಮ್ಮೆ ಹೋದಾಗ ನೋಡುತ್ತಿದ್ದೆ: ಮುಖ ಬಿಳಿಚಿಕೊಂಡಿದೆ, ಹಿತ್ತಲಿಗೆ ಹೋಗಿಬಂದರೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 7.2. ಹಳ್ಳಿಯ ಮುದುಕಿ, ಊಟ ಕಡಿಮೆ, ಕಬ್ಬಿಣಾಂಶ ಕಡಿಮೆ ಎಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟೆ. ಸ್ವಲ್ಪ ಏರಿತು, ಮತ್ತೆ ಇಳಿಯಿತು. “ಆ ಮಾತ್ರೆ ನುಂಗುದ್ರೆ ಒಳಗೆಲ್ಲ ಒಂಥರಾ ಆಯ್ತದೆ ಮಗ” ಎಂದಳು. ನುಂಗುತ್ತಿಲ್ಲ ಅಂತ ಬೈದೆ. ಎದೆಯ ಎಕ್ಸ್‌ರೇ ತೆಗೆಸಿದೆ. ಶ್ವಾಸಕೋಶ ನೋಡಿದೆ, ಹೃದಯದ ಅಳತೆ ನೋಡಿದೆ, ಪರವಾಗಿಲ್ಲ ಎಂದು ಫಿಲ್ಮನ್ನು ಮಡಿಚಿ ಗೋಡೆಯ ಮೊಳೆಗೆ ತೂಗಿದ್ದ ಚೀಲದಲ್ಲಿ ಇಟ್ಟೆ. ಎರಡು ವರ್ಷ ಅದು ಅಲ್ಲೇ ತೂಗಾಡಿತು.

ಈ ಎರಡು ವರ್ಷದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳಿಬಿಡುತ್ತೇನೆ. ಅವ್ವ ಹೊತ್ತು ಮುಳುಗಿದ ಮೇಲೆ ಉಣ್ಣುತ್ತಿರಲಿಲ್ಲ. ದೇವರ ಹರಕೆ ಅಂದುಕೊಂಡಿದ್ದೆ. ರಾತ್ರಿ ಗೋಡೆಗೆ ಎರಡು ದಿಂಬು, ಒಂದು ಸುರುಳಿ ಚಾಪೆ ಒರಗಿಸಿಕೊಂಡು ಅರ್ಧ ಕೂತೇ ಮಲಗುತ್ತಿದ್ದಳು. ಮುದುಕರಿಗೆ ನಿದ್ದೆ ಬಾರದು ಅಂದುಕೊಂಡಿದ್ದೆ. ಒರಗುವಾಗ ಯಾವಾಗಲೂ ಎಡಮಗ್ಗುಲು. ತಲೆಯ ಹತ್ತಿರ ಒಂದು ಲೋಟದಲ್ಲಿ ಜೀರಿಗೆ ನೀರು. ಮುಂದೆ ಬಗ್ಗಿ ರಂಗೋಲಿ ಹಾಕುವುದನ್ನು ಸೊಸೆಗೆ ಬಿಟ್ಟಿದ್ದಳು. ಬಗ್ಗಿದರೆ ‘ಉಂಡಿದ್ದು ಗಂಟ್ಲಿಗೆ ಬತ್ತದೆ’ ಅಂತ ಸೊಸೆಯ ಹತ್ತಿರ ಹೇಳಿದ್ದಳಂತೆ. ನನ್ನ ಹತ್ತಿರ ಹೇಳಲಿಲ್ಲ. ನಾನು ಡಾಕ್ಟರಲ್ಲವೇ, ಅಂಥ ಸಣ್ಣ ವಿಷಯ ನನಗೇಕೆ.

2019ರ ಬೇಸಗೆಯಲ್ಲಿ ಹಿತ್ತಲಲ್ಲಿ ತಲೆಸುತ್ತಿ ಬಿದ್ದಳು. ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಸೇರಿಸಿದೆವು. ರೌಂಡ್ಸಿಗೆ ಬಂದ ಹುಡುಗ, ನನ್ನ ವಿದ್ಯಾರ್ಥಿಗಳ ವಯಸ್ಸಿನವನು, ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತ. “ಅಜ್ಜಿ, ರಾತ್ರಿ ಹೆಂಗೆ ಮಲಗ್ತೀರಿ?” ಅಂದ. ಅಷ್ಟೇ. ಅವ್ವ ಹತ್ತು ನಿಮಿಷ ಬಿಡದೆ ಮಾತಾಡಿದಳು. ಹುಳಿನೀರು, ಗಂಟಲು ಸುಡುವುದು, ಎದೆಯಲ್ಲಿ ಅನ್ನ ನಿಂತುಕೊಳ್ಳುವುದು, ನಸುಕಿನ ಕೆಮ್ಮು. ಆ ಹುಡುಗ ಮನೆಯಿಂದ ತಂದಿದ್ದ ಚೀಲದಿಂದ ಹಳೆಯ ಎಕ್ಸ್‌ರೇ ತೆಗೆದು ಕಿಟಕಿಗೆ ಹಿಡಿದ. ಹೃದಯದ ನೆರಳಿನ ಹಿಂದೆ ಒಂದು ಗುಂಡನೆಯ ಗಾಳಿಗುಳ್ಳೆ, ಅದರ ಕೆಳಗೆ ನೇರವಾದ ನೀರಿನ ಗೆರೆ. ಜಠರ ಎದೆಯೊಳಗೆ ಕೂತಿತ್ತು. ಎರಡು ವರ್ಷದ ಹಿಂದೆಯೂ ಅಲ್ಲೇ ಕೂತಿತ್ತು. “ಸರ್, ಇದು...” ಎಂದು ಅವನು ನನ್ನ ಕಡೆ ತಿರುಗಿ ಅರ್ಧಕ್ಕೆ ನಿಲ್ಲಿಸಿದ. ಆ ಅರ್ಧಕ್ಕೆ ನಿಲ್ಲಿಸಿದ ಸೌಜನ್ಯ ಇವತ್ತಿಗೂ ಚುಚ್ಚುತ್ತದೆ.

ಎಂಡೋಸ್ಕೋಪಿಯಲ್ಲಿ ದೊಡ್ಡ ಹರ್ನಿಯಾ ಕಂಡಿತು. ವಪೆಯ ಅಂಚು ಜಠರದ ಗೋಡೆಯನ್ನು ಉಜ್ಜುವಲ್ಲಿ ಗೀರುಗಾಯಗಳು. ಉಸಿರಾಡುವಾಗಲೆಲ್ಲ ಒಂದಿಷ್ಟು ಉಜ್ಜಿ, ತಿಂಗಳುಗಟ್ಟಲೆ ಕಣ್ಣಿಗೆ ಕಾಣದಷ್ಟು ರಕ್ತ ಸೋರುತ್ತದೆ. ಕೊನೆಗೆ ಉಳಿಯುವುದು ಕಬ್ಬಿಣದ ಕೊರತೆ, ಬಿಳಿಚಿದ ಮುಖ. ಇಂಥ ಗಾಯಗಳನ್ನು ಮೇಯೊ ಕ್ಲಿನಿಕ್ಕಿನ ಕ್ಯಾಮರಾನ್ ವರ್ಣಿಸಿದ್ದು 1986ರಲ್ಲಿ, ನನ್ನ ಪ್ರಬಂಧಕ್ಕೆ ಹತ್ತು ವರ್ಷ ಮೊದಲು. ಬಾಗಿದ ಬೆನ್ನಿನ ಮುದುಕಿಯರಲ್ಲಿ ಹಯೇಟಸ್ ಹರ್ನಿಯಾ ಹೆಚ್ಚು ಎಂದು ಜಪಾನಿನವರು ಬರೆದದ್ದೂ ಆಮೇಲೆ ಓದಿದೆ. ಈ ರೋಗ ಕಡಿಮೆ ಎಂದು ಹೆಸರಾದ ದೇಶ ಜಪಾನ್. ಗದ್ದೆಯಲ್ಲಿ ಬಗ್ಗಿದ ಬೆನ್ನು ಅಲ್ಲೂ ಇದೆ, ನಮ್ಮಲ್ಲೂ ಇದೆ. ನನ್ನ ಪ್ರಬಂಧದಲ್ಲಿ ಬೇಸಾಯ ಎಂದರೆ ರಕ್ಷೆ, ಅಷ್ಟೇ.

ಆಸ್ಪತ್ರೆಯಲ್ಲಿ ಅವ್ವನ ಮಂಚದ ಪಕ್ಕ ಕೂತ ರಾತ್ರಿಗಳಲ್ಲಿ ಬರ್ಕಿಟ್ ನೆನಪಾಗುತ್ತಿದ್ದರು. ಅವರೂ ಹೀಗೆ ತಪ್ಪಿದ್ದರೇ? ಆ ಮಿಷನ್ ಆಸ್ಪತ್ರೆಗಳಲ್ಲಿ ಎಷ್ಟು ಜನರಿಗೆ ಬೇರಿಯಂ ಕುಡಿಸುತ್ತಿದ್ದರು? ಮಲೇರಿಯಾ, ಹೆರಿಗೆ, ಗಾಯ ಇವುಗಳ ನಡುವೆ ಹುಳಿತೇಗಿಗಾಗಿ ಯಾರು ಇಪ್ಪತ್ತು ಮೈಲಿ ನಡೆದು ಬರುತ್ತಾರೆ? ಹಯೇಟಸ್ ಹರ್ನಿಯಾ ವಯಸ್ಸಾದವರ ರೋಗ. ಆ ವಾರ್ಡುಗಳಲ್ಲಿ ತುಂಬಿದ್ದವರು ಮಕ್ಕಳು, ಬಾಣಂತಿಯರು. ಅದಲ್ಲದೆ ಹರ್ನಿಯಾ ಎಷ್ಟಿದೆ ಎಂಬುದು ನೋಡುವವನ ಕೈಯಲ್ಲೂ ಇದೆ. ರೋಗಿಯನ್ನು ತಲೆಕೆಳಗು ಮಾಡಿ, ಹೊಟ್ಟೆ ಒತ್ತಿ ಎಕ್ಸ್‌ರೇ ತೆಗೆದರೆ ಎಷ್ಟೋ ಜನರಲ್ಲಿ ಜಠರ ಒಂದಿಷ್ಟು ಜಾರುತ್ತದೆ. ಎಂಡೋಸ್ಕೋಪಿಯಲ್ಲಿ ಎರಡು ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಒಬ್ಬ ಬರೆಯುತ್ತಾನೆ, ಇನ್ನೊಬ್ಬ ಬಿಡುತ್ತಾನೆ. ಹರ್ನಿಯಾ ಇದ್ದವರಿಗೆಲ್ಲ ಹುಳಿ ಏರುವುದಿಲ್ಲ, ಹುಳಿ ಏರುವವರಿಗೆಲ್ಲ ಹರ್ನಿಯಾ ಇಲ್ಲ. ಇವೆರಡನ್ನೂ ಗಂಟುಹಾಕಿದ್ದು ಇಂಗ್ಲೆಂಡಿನ ಸರ್ಜನ್ ಫಿಲಿಪ್ ಆಲಿಸನ್, 1951ರಲ್ಲಿ. ಆ ಗಂಟು ಎಷ್ಟು ಬಿಗಿ ಎಂಬ ಜಗಳ ಆಮೇಲೆ ದಶಕಗಳ ಕಾಲ ನಡೆಯಿತು.

ಪದದ ವಿಚಾರದಲ್ಲಿ ನಾನೊಬ್ಬನೇ ಎಡವಿದ್ದಲ್ಲ ಎಂಬುದು ಸಣ್ಣ ಸಮಾಧಾನ. ಅಮೆರಿಕದ ಬಾಸ್ಟನ್‌ನಲ್ಲಿ ರೋಗಿಗಳನ್ನು ‘ಹಾರ್ಟ್‌ಬರ್ನ್’ ಎಂದರೇನು ಎಂದು ಕೇಳಿನೋಡಿದ್ದಾರೆ. ಡಾಕ್ಟರು ಅಂದುಕೊಂಡಿರುವ ಅರ್ಥ ಗೊತ್ತಿದ್ದದ್ದು ಬಿಳಿಯರಲ್ಲೇ ಮೂವರಿಗೊಬ್ಬರಿಗೆ. ಪೂರ್ವ ಏಷ್ಯಾ ಮೂಲದವರಲ್ಲಿ ಏಳೆಂಟು ಜನರಿಗೊಬ್ಬರಿಗೆ. ಚೀನೀ ಭಾಷೆಯಲ್ಲಿ ಅದಕ್ಕೆ ಸರಿಸಾಟಿಯಾದ ಪದ ಸಿಗುವುದು ಕಷ್ಟ ಎನ್ನುತ್ತಾರೆ. ನಮ್ಮಲ್ಲಿ ಪದಗಳಿಗೆ ಬರವಿಲ್ಲ. ಹುಳಿತೇಗು, ಪಿತ್ತ, ವಾಯು, ಗಂಟಲುಸುಡು, ಎಲ್ಲಕ್ಕೂ ಮಿಗಿಲಾಗಿ ‘ಗ್ಯಾಸ್ಟ್ರಿಕ್’. ಇಂಗ್ಲಿಷಿನ ವಿಶೇಷಣವೊಂದನ್ನು ತಂದು ರೋಗದ ಹೆಸರಾಗಿಸಿ, ‘ನಂಗೆ ಗ್ಯಾಸ್ಟಿಕ್ಕು’ ಎಂದು ಸಲೀಸಾಗಿ ಹೇಳುವ ನಾಡಿನಲ್ಲಿ ನಾನು ‘ಆಮ್ಲೀಯ ದ್ರವ’ ಹುಡುಕುತ್ತ ಹೋಗಿದ್ದೆ.

ಹಾಗಂತ ಎಲ್ಲವೂ ಮಾತಿನ ಮೋಸ ಎಂದರೆ ಇನ್ನೊಂದು ಹಟವಾದೀತು. ಜನಜನಕ್ಕೂ ನಿಜವಾದ ವ್ಯತ್ಯಾಸ ಇದೆ. ಬೊಜ್ಜು ಹೆಚ್ಚಿದಲ್ಲಿ ಇದು ಹೆಚ್ಚು. ಜಠರದಲ್ಲಿ ಮನೆಮಾಡುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಕಂಡುಹಿಡಿದದ್ದಕ್ಕೆ ಮಾರ್ಷಲ್, ವಾರೆನ್ ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ಅದು ಬಹುಕಾಲ ಬೀಡುಬಿಟ್ಟ ಕೆಲವರ ಜಠರದಲ್ಲಿ ಆಮ್ಲ ಒಸರುವುದೇ ಕುಗ್ಗುತ್ತದೆ. ಜಪಾನಿನಲ್ಲಿ ಅದು ತಲೆಮಾರಿನಿಂದ ತಲೆಮಾರಿಗೆ ಕಡಿಮೆಯಾಗುತ್ತ ಬಂದಂತೆ ಹುಳಿ ಏರುವ ಕಾಯಿಲೆ ಹೆಚ್ಚುತ್ತ ಬಂತು. ಅನ್ನನಾಳದ ಒಳಪೊರೆಯೇ ಬದಲಾಗುವ ಬ್ಯಾರೆಟ್ ತೊಡಕು ಬಿಳಿಯ ಗಂಡಸರಲ್ಲಿ ಹೆಚ್ಚು, ಏಷ್ಯಾದವರಲ್ಲಿ ಕಡಿಮೆ. ಇದನ್ನು ಎಂಡೋಸ್ಕೋಪಿಯೇ ಹೇಳುತ್ತದೆ, ಪ್ರಶ್ನಾವಳಿಯಲ್ಲ. ಮುದ್ದೆಯೂ ಒಳ್ಳೆಯದೇ, ಆದರೆ ಅದು ನಾನು ಬರೆದಂಥ ಕವಚವಲ್ಲ.

ಅವ್ವನಿಗೆ ರಕ್ತನಾಳದ ಮೂಲಕ ಕಬ್ಬಿಣ ಕೊಟ್ಟರು, ಆಮ್ಲ ತಗ್ಗಿಸುವ ಮಾತ್ರೆ ಶುರುಮಾಡಿದರು. ಆಪರೇಷನ್ ವಿಚಾರ ಬಂದಾಗ ಕೈಯಾಡಿಸಿಬಿಟ್ಟಳು. ಡಿಸ್ಚಾರ್ಜ್ ಆದ ದಿನ ಕಾರಿನಲ್ಲಿ ಕೇಳಿದೆ, ಇದು ಯಾವಾಗಿನಿಂದ ಅಂತ.

“ನಿನ್ ತಂಗಿ ಹೊಟ್ಟೇಲಿದ್ದಾಗ್ಲಿಂದ ಕನಪ್ಪ.”

“ನಾನು ಓದೋವಾಗ ಬರ್ಕೊಂಡು ಹೋದ್ನಲ್ಲ, ಆವಾಗ್ಲೂ ಇತ್ತಾ?”

“ಇತ್ತು. ನೀನು ಇದುನ್ನ ಕೇಳ್ಲಿಲ್ವಲ್ಲ.”

ಊರಿಗೆ ಬಂದು ನಾನು ಮಾಡಿದ ಮೊದಲ ಕೆಲಸ ಹಿತ್ತಲಿನ ಗುಡ್ಡೆಯಿಂದ ಎರಡು ಇಟ್ಟಿಗೆ ತಂದು ಅವ್ವನ ಮಂಚದ ತಲೆಯ ಕಡೆಯ ಕಾಲುಗಳಿಗೆ ಕೊಟ್ಟದ್ದು. ತಲೆಯ ಕಡೆ ಅರ್ಧ ಅಡಿ ಎತ್ತರವಾದರೆ ರಾತ್ರಿ ಹುಳಿ ಮೇಲೇರುವುದು ತಗ್ಗುತ್ತದೆ. ಹಳೆಯ ಉಪಾಯ, ದುಡ್ಡೂ ಬೇಡ. ನೋಡಲು ಬಂದ ಪಕ್ಕದ ಮನೆಯ ದೊಡ್ಡಮ್ಮ ಇದೇನು ಮಂಚ ಓರೆ ಅಂದಳು. ಅವ್ವ ವಿವರಿಸಿದಳು. ‘ಹಂಗಾ, ನಂಗೂ ಅಂಗೇ ಆಯ್ತದಲ್ಲ’ ಎಂದಳು ದೊಡ್ಡಮ್ಮ. ಅವಳ ಹಿಂದೆ ನಿಂತಿದ್ದ ಸೊಸೆ ಮೆಲ್ಲಗೆ “ನಂಗೂ” ಅಂದಳು. ಮಾರನೆಯ ದಿನ ಬೀದಿಯ ಕೊನೆಯ ಮನೆಯ ಗಂಡಸು ಯಾವುದೋ ನೆಪದಲ್ಲಿ ಬಂದು, ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ತನ್ನದನ್ನೂ ಹೇಳಿಕೊಂಡ. 1996ರಲ್ಲಿ ನಾನು ಜಗಲಿಯ ಮೇಲೆ ನೋಡಿದ್ದ ಮನುಷ್ಯನೇ, ಹೆಂಡತಿಯ ಪರವಾಗಿ ಬರೆಸಿದ್ದವನು. ಬಂದವರಿಗೆಲ್ಲ ಇಟ್ಟಿಗೆಯ ವಿಷಯ ಹೇಳಿದೆ. ಗುಡ್ಡೆ ಕರಗತೊಡಗಿತು.

ಮೂರನೆಯ ದಿನ ಸಂಜೆ ಕೂಲಿ ಮುಗಿಸಿ ಬಂದ ಹೆಂಗಸೊಬ್ಬಳು ಅಂಗಳದಲ್ಲೇ ನಿಂತು ಕೇಳಿದಳು: “ಸಾಮಿ, ಮಂಚ ಇಲ್ದೋರು ಏನ್ ಮಾಡ್ಬೇಕು? ನಾವು ಮಲಗೋದು ನೆಲದ್ ಮ್ಯಾಲೆ.”

ನಾನು ಯೋಚಿಸುತ್ತ ನಿಂತೆ. ಓದಿದ ಪುಸ್ತಕಗಳಲ್ಲೆಲ್ಲ ಎಲ್ಲರಿಗೂ ಮಂಚವಿತ್ತು.

ಒಳಗಿನಿಂದ ಅವ್ವನ ದನಿ ಬಂತು. “ಗೋಣಿಚೀಲಕ್ಕೆ ರಾಗಿಹುಲ್ಲು ತುಂಬಿ ಸೊಂಟದಿಂದ ಮ್ಯಾಕೆ ಕೊಟ್ಕೊ. ತಲೆಗೊಂದೇ ಕೊಟ್ರೆ ಆಗಕಿಲ್ಲ, ಕತ್ತು ಹಿಡ್ಕತದೆ. ಎಡಕ್ಕೆ ಮಲ್ಕೊ. ಹೊತ್ತಿದ್ದಂಗೇ ಉಂಡ್ಬುಡು.”

ಹೆಂಗಸು ತಲೆಯಾಡಿಸಿದಳು. ನಾನು ಕಿಸೆಯಿಂದ ಡೈರಿ ತೆಗೆದು ಅದನ್ನು ಅವ್ವ ಹೇಳಿದ ಹಾಗೇ ಬರೆದುಕೊಂಡೆ.